ನಕ್ಷೆಯಲ್ಲಿ ಏರು ಕಾಣುವುದಿಲ್ಲ: ಲಿಸ್ಬನ್‌ನಲ್ಲಿ ಉಳಿಯಲು ಜಾಗ ಹುಡುಕಿದ್ದು

ಪೋರ್ಚುಗಲ್ ರಾಜಧಾನಿ ಲಿಸ್ಬನ್‌ಗೆ ಹೋಗೋಣ ಅನ್ನುವುದು ಒಂದೇ ಸಂಜೆಯಲ್ಲಿ ತೀರ್ಮಾನವಾಯಿತು. ಅಲ್ಲಿ ಎಲ್ಲಿ ಉಳಿಯೋಣ ಅನ್ನುವುದು ಮಾತ್ರ ವಾರಗಟ್ಟಲೆ ಎಳೆಯಿತು. ಹೊರಟವರು ನಾಲ್ಕು ಜನ: ನಾನು, ನಮ್ಮನೆಯವರು, ಕೆಲಸಕ್ಕೆ ಸೇರಿ ರಜೆ ಕೂಡಿಟ್ಟಿದ್ದ ಮಗಳು, ಮೈಸೂರಿನಿಂದ ಅಮ್ಮ. ಅಮ್ಮನಿಗೆ ಎಪ್ಪತ್ತು ದಾಟಿದೆ. ಒಂದು ಕಾಲಕ್ಕೆ ಆಷಾಢದ ಶುಕ್ರವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿಳಿದು, ಮನೆಗೆ ಬಂದು ಅಡುಗೆಗೆ ನಿಲ್ಲುತ್ತಿದ್ದವರು. ಈಗ ಎರಡೂ ಮಂಡಿ ಸವೆದಿವೆ. ಸಮತಟ್ಟಾದ ದಾರಿಯಲ್ಲಿ ನಮಗಿಂತ ಜಾಸ್ತಿ ನಡೆಯುತ್ತಾರೆ. ಮೆಟ್ಟಿಲು ಮಾತ್ರ ಆಗುವುದಿಲ್ಲ, ಅದರಲ್ಲೂ ಇಳಿಯುವುದು.

ಲಿಸ್ಬನ್ ಏಳು ಬೆಟ್ಟಗಳ ಊರು ಅಂತಲೇ ಹೆಸರಾದದ್ದು. ನದಿಯ ದಂಡೆಯಲ್ಲಿ ಶುರುವಾಗಿ ಅಲ್ಲಿಂದಲೇ ಮೇಲಕ್ಕೆ ಏರುತ್ತದೆ. ಹಳೆಯ ಕೋಟೆ ಇರುವ ಗುಡ್ಡ ಸುಮಾರು 100 ಮೀಟರ್ ಎತ್ತರ. ನೂರು ಮೀಟರ್ ಏನು ಮಹಾ ಅನ್ನಿಸಬಹುದು. ಆ ನೂರನ್ನು ನದಿಯಿಂದ ಸ್ವಲ್ಪವೇ ದೂರದಲ್ಲಿ ಏರಬೇಕು ಅಂದಾಗ ಗೊತ್ತಾಗುತ್ತದೆ.

ಮಗಳಿಗೆ ಹಳೇ ಊರು ಅಲ್ಫಾಮದಲ್ಲೇ ಇರಬೇಕು. ನಮ್ಮನೆಯವರಿಗೆ ಕಿಟಕಿಯಿಂದ ನದಿ ಕಾಣಬೇಕು. ನನಗೆ ಅಡುಗೆಮನೆ ಬೇಕು. ಅಮ್ಮ ಮಾತ್ರ "ನಿಮಗೆ ಎಲ್ಲಿ ಅನುಕೂಲವೋ ಅಲ್ಲಿ ಮಾಡಿ, ನಾನು ಹೊಂದಿಕೊಳ್ತೀನಿ" ಅಂದುಬಿಟ್ಟರು. ನನಗೆ ಹೆದರಿಕೆ ಆಗುವುದೇ ಈ ಮಾತಿಗೆ. ಅಮ್ಮ ನೋವು ಅಂತ ಬಾಯಿ ಬಿಡುವವರಲ್ಲ. ರಾತ್ರಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುವುದನ್ನು ಕಂಡಾಗಲೇ ನಮಗೆ ವಿಷಯ ತಿಳಿಯುವುದು.

ಊರು ನೋಡುವುದಕ್ಕಿಂತ ಮುಂಚೆ ವೀಸಾ ನೋಡಬೇಕಾಯಿತು. ಷೆಂಗೆನ್ ವೀಸಾ ಅರ್ಜಿಯ ಜೊತೆ ಅಷ್ಟೂ ರಾತ್ರಿಗಳ ವಸತಿ ದಾಖಲೆ ಇಡಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಿರಬೇಕು. ದೊಡ್ಡವರಿಗೆ ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೊ. ವೀಸಾ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ, ಆದರೆ ಕೋಣೆ ಮಾತ್ರ ಬುಕ್ ಆಗಿರಬೇಕು. ಹಾಗಾಗಿ ಹಣ ವಾಪಸ್ ಬಾರದ ಅಗ್ಗದ ದರಗಳನ್ನೆಲ್ಲ ಮೊದಲೇ ಪಕ್ಕಕ್ಕಿಟ್ಟೆ. ರದ್ದು ಮಾಡಬಹುದಾದ ದರ ಸ್ವಲ್ಪ ಜಾಸ್ತಿ. ಅದನ್ನು ವೀಸಾ ಖರ್ಚಿನಲ್ಲೇ ಸೇರಿಸಿಕೊಂಡರೆ ಹೊಟ್ಟೆ ಉರಿಯುವುದಿಲ್ಲ. ದೃಢೀಕರಣ ಪತ್ರದಲ್ಲಿ ನಾಲ್ವರ ಹೆಸರೂ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇದ್ದರೆ ಒಳ್ಳೆಯದು. ಸಾಮಾನ್ಯವಾಗಿ ಬುಕ್ ಮಾಡಿದವರ ಹೆಸರೊಂದೇ ಬರುತ್ತದೆ, ಕೇಳಿ ಸೇರಿಸಿಕೊಳ್ಳಬೇಕು. ದುಡ್ಡು ತೆಗೆದುಕೊಂಡು ಸುಳ್ಳು ಬುಕಿಂಗ್ ಪತ್ರ ಮಾಡಿಕೊಡುವವರೂ ಇದ್ದಾರೆ. ರದ್ದು ಮಾಡಬಹುದಾದ ನಿಜವಾದ ಬುಕಿಂಗೇ ಸಿಗುವಾಗ ಆ ತಲೆನೋವು ಯಾಕೆ?

ವೀಸಾಗೆ ಅಂತ ಪೇಟೆ ನಡುವಿನ ಒಂದು ಹೋಟೆಲ್ ಬುಕ್ ಮಾಡಿಟ್ಟು, ನಿಜವಾದ ಹುಡುಕಾಟ ಶುರು ಮಾಡಿದೆವು.

ಮೊದಲು ಅಲ್ಫಾಮ. ಮಗಳು ಕಳಿಸುತ್ತಿದ್ದ ಫೋಟೊಗಳೆಲ್ಲ ಅಲ್ಲಿಯವೇ. ಟೈಲ್ಸ್ ಅಂಟಿಸಿದ ಗೋಡೆ, ಬಾಲ್ಕನಿಯಲ್ಲಿ ಒಣಗುತ್ತಿರುವ ಬಟ್ಟೆ, ಕೆಂಪು ಮಾಡುಗಳ ಆಚೆ ನದಿ. 1755ರ ನವೆಂಬರ್ 1ರಂದು ಲಿಸ್ಬನ್ ಭೂಕಂಪದಲ್ಲಿ ಕುಸಿಯಿತು. ಹಿಂದೆಯೇ ಸಮುದ್ರ ಉಕ್ಕಿತು, ಬೆಂಕಿ ಹಬ್ಬಿತು. ಬಂಡೆಯ ಗುಡ್ಡದ ಮೇಲಿದ್ದ ಅಲ್ಫಾಮ ಬಹುಮಟ್ಟಿಗೆ ಉಳಿದುಕೊಂಡಿತು. ಅದಕ್ಕೇ ಅಲ್ಲಿನ ಸಂದಿಗಳು ಉತ್ತರ ಆಫ್ರಿಕಾದಿಂದ ಬಂದ ಮೂರ್ ಮುಸ್ಲಿಮರು ಆಳಿದ ಕಾಲದ ಹಾಗೇ ಅಂಕುಡೊಂಕಾಗಿವೆ. ನೋಡಲು ಚೆಂದ ಆಗಿರುವುದೂ, ಅಮ್ಮನಿಗೆ ಆಗದೇ ಇರುವುದೂ ಒಂದೇ ಕಾರಣಕ್ಕೆ.

ಜಾಹೀರಾತುಗಳಲ್ಲಿ ಎಲ್ಲ ಮನೆಯೂ ಕೋಟೆಗೆ ಐದು ನಿಮಿಷ, ನದಿಗೆ ಏಳು ನಿಮಿಷ. ನಕ್ಷೆ ತೆಗೆದರೆ ದೂರ ಸರಿಯಾಗೇ ಇದೆ. ಆದರೆ ನಕ್ಷೆ ಚಪ್ಪಟೆ, ಅಲ್ವಾ? ಗೂಗಲ್ ಮ್ಯಾಪ್‌ನ ಸ್ಟ್ರೀಟ್ ವ್ಯೂ ತೆರೆದು, ಟ್ಯಾಕ್ಸಿ ನಿಲ್ಲಬಹುದಾದ ಜಾಗದಿಂದ ಮನೆ ಬಾಗಿಲಿನವರೆಗೆ ಒಂದೊಂದೇ ಬಾಣ ಒತ್ತುತ್ತಾ "ನಡೆದೆ". ಮೊದಲ ತಿರುವಿನಲ್ಲೇ ಮೆಟ್ಟಿಲು. ಹಿಡಿದುಕೊಳ್ಳಲು ಕಂಬಿ ಇಲ್ಲ. ಅದು ಮುಗಿದರೆ ಮತ್ತೊಂದು ಸಾಲು. ಒಂದು ಮನೆಯ ದಾರಿಯಲ್ಲಂತೂ ಕ್ಯಾಮೆರಾ ಕಾರು ಒಳಗೇ ಹೋಗಿರಲಿಲ್ಲ, ಬಾಣವೇ ನಿಂತುಹೋಯಿತು. ಕಾರು ಹೋಗದ ಕಡೆ ಅಮ್ಮನೂ ಹೋಗುವುದು ಬೇಡ ಅಂತ ಅದನ್ನು ಬಿಟ್ಟೆ.

ವಿಳಾಸ ನೋಡಿಯೇ ಏರು ಅಂದಾಜು ಮಾಡುವುದೂ ಮೆಲ್ಲಗೆ ಬಂತು. ಬೀದಿಯ ಹೆಸರು ಎಸ್ಕದಿನ್ಯಾಸ್ ಅಂತ ಶುರುವಾದರೆ ಅಲ್ಲಿರುವುದು ಬರೀ ಮೆಟ್ಟಿಲು. ಕಲ್ಸಾದ ಅಂತಿದ್ದರೆ ಹೆಚ್ಚಿನಂಶ ಕಡಿದಾದ ಏರು. ಬೆಕು ಅಂತಿದ್ದರೆ ಸಂದಿ, ಪೆಟ್ಟಿಗೆ ಎಳೆದುಕೊಂಡು ನಡೆಯಲು ತಯಾರಾಗಬೇಕು. ಮನೆ ನಂಬರಿನ ಪಕ್ಕದಲ್ಲಿ ಬರುವ ಚಿಕ್ಕ ಅಂಕಿ ಮಹಡಿಯದು. ನೆಲಮಹಡಿಯನ್ನು ಅಲ್ಲೂ ನಮ್ಮ ಹಾಗೇ ಲೆಕ್ಕಕ್ಕೆ ಹಿಡಿಯುವುದಿಲ್ಲ. 3 ಅಂತಿದ್ದರೆ ಮೂರು ಸಾಲು ಮೆಟ್ಟಿಲು ಹತ್ತಿದ ಮೇಲೆ ಮನೆ. ಜಾಹೀರಾತಿನಲ್ಲಿ ಲಿಫ್ಟ್ ಬಗ್ಗೆ ಮಾತೇ ಇಲ್ಲ ಅಂದರೆ ಲಿಫ್ಟ್ ಇಲ್ಲ ಅಂತಲೇ ತಿಳಿದುಕೊಳ್ಳುವುದು ಒಳ್ಳೆಯದು.

ಮನೆ ಬಾಡಿಗೆಗೆ ಕೊಡುವವರಿಗೆಲ್ಲ ಒಂದೇ ಪ್ರಶ್ನೆ ಕಳಿಸುತ್ತಿದ್ದೆ: ಕಾರು ನಿಲ್ಲುವ ಜಾಗದಿಂದ ಮಂಚದವರೆಗೆ ಒಟ್ಟು ಎಷ್ಟು ಮೆಟ್ಟಿಲು? ಲಿಫ್ಟ್ ಇದೆಯಾ ಅಂತ ಕೇಳಿದರೆ ಇದೆ ಅನ್ನುತ್ತಾರೆ. ಆ ಲಿಫ್ಟ್ ಮುಟ್ಟಲು ಒಳಗೆ ಹತ್ತು ಮೆಟ್ಟಿಲು ಇರುವುದನ್ನು ಹೇಳುವುದಿಲ್ಲ. ಹಳೇ ಕಟ್ಟಡಗಳಲ್ಲಿ ಇದು ಮಾಮೂಲು. ಒಬ್ಬರು "ಮೂರೇ ಮಹಡಿ, ಬಂದವರೆಲ್ಲ ಇಷ್ಟಪಟ್ಟಿದ್ದಾರೆ" ಅಂತ ಬರೆದರು. ಇನ್ನೊಬ್ಬರು ಉತ್ತರಿಸಲೇ ಇಲ್ಲ. ಅಲ್ಫಾಮದ ಒಬ್ಬಾಕೆ ಮಾತ್ರ ನೇರವಾಗಿ ಹೇಳಿದರು: "ನಮ್ಮ ಮನೆ ನಿಮ್ಮ ತಾಯಿಗೆ ಬೇಡ. ನನ್ನ ತಾಯಿಯೇ ಇಲ್ಲಿಗೆ ಬರುವುದು ಬಿಟ್ಟಿದ್ದಾರೆ." ಅವರ ಮನೆ ನೋಡಲು ಅಷ್ಟು ಚೆನ್ನಾಗಿತ್ತು! ಮಗಳಿಗೆ ಇನ್ನೂ ಬೇಜಾರು.

ಇನ್ನೊಂದು ವಿಷಯ ಕಾಲಿನ ಕೆಳಗಿನದು. ಲಿಸ್ಬನ್ ಕಾಲುದಾರಿಗಳಿಗೆ ಸಣ್ಣ ಸಣ್ಣ ಸುಣ್ಣಕಲ್ಲು ಜೋಡಿಸಿರುತ್ತಾರೆ. ಕಪ್ಪು ಬಿಳುಪಿನ ಅಲೆ ಅಲೆ ವಿನ್ಯಾಸ, ಫೋಟೊಗೆ ಹೇಳಿಮಾಡಿಸಿದ್ದು. ಜನ ನಡೆದು ನಡೆದು ಆ ಕಲ್ಲು ನುಣ್ಣಗಾಗಿದೆ. ಮಳೆ ಬಿದ್ದರೆ ಜಾರುತ್ತದೆ, ಇಳಿಜಾರಿನಲ್ಲಿ ಇನ್ನೂ ಜಾಸ್ತಿ. ನಾವು ಹೋಗಲಿದ್ದದ್ದು ಮಾರ್ಚ್‌ನಲ್ಲಿ, ಮಳೆ ಇನ್ನೂ ಮುಗಿದಿರದ ತಿಂಗಳು. ಅಮ್ಮನಿಗೆ ರಬ್ಬರ್ ಅಡಿಯ ಹೊಸ ಶೂ ಕೊಂಡಿದ್ದು ಇದಕ್ಕೇ.

ಅಲ್ಫಾಮ ಬಿಟ್ಟ ಮೇಲೆ ಬೈಶಾ. ಭೂಕಂಪದ ನಂತರ ಆಗಿನ ಮಂತ್ರಿ ಪೊಂಬಾಲ್ ಮಾರ್ಕ್ವಿಸ್ ಉಸ್ತುವಾರಿಯಲ್ಲಿ ಗೆರೆ ಹೊಡೆದ ಹಾಗೆ ಕಟ್ಟಿಸಿದ ಪೇಟೆ ಇದು. ಮತ್ತೆ ನಡುಗಿದರೆ ಬೀಳದಿರಲಿ ಅಂತ ಗೋಡೆಯೊಳಗೆ ಮರದ ಪಂಜರ ಕೂರಿಸಿ ಕಟ್ಟಿದರು. ಬೀದಿಗಳು ಸಮತಟ್ಟು, ನದಿ ಕೈಗೆಟುಕುವಷ್ಟು ಹತ್ತಿರ, ಮೆಟ್ರೊ ಕಾಲಡಿಯಲ್ಲೇ. ಅಮ್ಮನಿಗೂ ಸರಿ, ನಮ್ಮನೆಯವರಿಗೂ ಸರಿ. ವೀಸಾಗೆ ಬುಕ್ ಮಾಡಿದ್ದ ಹೋಟೆಲ್ಲೂ ಅಲ್ಲೇ ಇತ್ತು, ಅದನ್ನೇ ಉಳಿಸಿಕೊಳ್ಳೋಣ ಅಂತಲೂ ಮಾತಾಯಿತು. ಆದರೆ ನಾಲ್ಕು ಜನಕ್ಕೆ ಎರಡು ಕೋಣೆ ಬೇಕು. ಎರಡು ಕೋಣೆ ಅಂದರೆ ದುಡ್ಡೂ ಎರಡರಷ್ಟು, ಅಡುಗೆಮನೆ ಒಂದೂ ಇಲ್ಲ. ಅಮ್ಮ ಮೊಟ್ಟೆಯನ್ನೂ ಮುಟ್ಟುವವರಲ್ಲ. ಪೋರ್ಚುಗಲ್‌ನಲ್ಲಿ ಸಾಮಾನ್ಯ ಊಟದ ಮನೆಗೆ ಹೋದರೆ ಮೀನು, ಇಲ್ಲದಿದ್ದರೆ ಮಾಂಸ. ಸೂಪ್‌ನಲ್ಲೂ ಒಂದು ತುಂಡು ಸಾಸೇಜ್ ತೇಲುತ್ತಿರಬಹುದು. ಬಿಸಿನೀರಿನ ಕೆಟಲ್ ಒಂದರಲ್ಲೇ ಅಮ್ಮನನ್ನು ಸಾಕಲು ಆಗುವುದಿಲ್ಲ. ಬೈಶಾದಲ್ಲಿ ಅಡುಗೆಮನೆ ಇರುವ ಮನೆಗಳೂ ಇವೆ. ನಮ್ಮ ಬಜೆಟ್ಟಿಗೆ ಸಿಕ್ಕವು ಲಿಫ್ಟ್ ಇಲ್ಲದ ನಾಲ್ಕನೇ ಮಹಡಿಯವು, ಇಲ್ಲವೇ ಕಿಟಕಿ ತೆರೆದರೆ ಎದುರಿನ ಗೋಡೆ ಕಾಣುವಂಥವು.

ಮಿಕ್ಕ ಕಡೆಗಳನ್ನು ಬೇಗ ಹೇಳಿಬಿಡುತ್ತೇನೆ. ಬೈರು ಆಲ್ತುವಿನಲ್ಲಿ ರಾತ್ರಿ ಲೋಟ ಹಿಡಿದು ಜನ ಬೀದಿಯಲ್ಲೇ ನಿಂತಿರುತ್ತಾರೆ, ನಡುರಾತ್ರಿ ದಾಟಿದ ಮೇಲೂ. ಕೆಳಗೆ ಕಾಯ್ಸ್ ದು ಸುದ್ರೆಯ ಗುಲಾಬಿ ಬಣ್ಣದ ಬೀದಿಯದೂ ಅದೇ ಕಥೆ. ಪ್ರಿನ್ಸಿಪೆ ರಿಯಾಲ್ ಮೇಲ್ಗಡೆ ಸಮವಾಗಿದೆ, ಚೆಂದದ ತೋಟವಿದೆ, ಆದರೆ ಎಲ್ಲಿಂದ ವಾಪಸ್ ಬಂದರೂ ಕೊನೆಗೆ ಒಂದು ಏರು ಕಾದಿರುತ್ತದೆ. ಬೆಲೆಂನಲ್ಲಿ ವಾಸ್ಕೋ ಡ ಗಾಮನ ಸಮಾಧಿ ಇರುವ ಮಠ ಇದೆ, ನೆಲ ಸಮ, ನದಿಯೂ ಇದೆ. ಮಗಳು "ಐದು ಗಂಟೆಗೆ ಎಲ್ಲರೂ ಮನೆಗೆ ಹೋದ ಮೇಲೆ ಅಲ್ಲಿ ನಾನೇನು ಮಾಡಲಿ?" ಅಂದಳು. 1998ರ ಎಕ್ಸ್‌ಪೊಗೆ ಅಂತ ಕಟ್ಟಿದ ಪಾರ್ಕ್ ದಸ್ ನಸೋಯ್ಸ್‌ನಲ್ಲಿ ಲಿಫ್ಟ್, ಅಗಲದ ರಸ್ತೆ, ನದಿ ದಂಡೆ, ವಾಸ್ತುಶಿಲ್ಪಿ ಕಲತ್ರಾವ ವಿನ್ಯಾಸದ ಓರಿಯೆಂಟ್ ಸ್ಟೇಷನ್, ಎಲ್ಲ ಇವೆ. ಅಮ್ಮನಿಗೆ ಇದಕ್ಕಿಂತ ಸುಲಭದ ಜಾಗ ಇಲ್ಲ. ಆದರೆ ಅಷ್ಟು ದೂರ ಹೋಗಿ ಹೊಸ ಬಡಾವಣೆಯಲ್ಲಿ ಉಳಿಯುವುದಕ್ಕೆ ಯಾರಿಗೂ ಮನಸ್ಸು ಬರಲಿಲ್ಲ. ನವೆಂಬರ್‌ನಲ್ಲಿ ಹೋಗುವವರು ಮಾತ್ರ ಒಂದು ವಿಷಯ ನೋಡಿಕೊಳ್ಳಿ: ವೆಬ್ ಸಮ್ಮಿಟ್ ಅನ್ನುವ ದೊಡ್ಡ ತಂತ್ರಜ್ಞಾನ ಸಮಾವೇಶ ಅಲ್ಲೇ ನಡೆಯುತ್ತದೆ. ಆ ವಾರ ಊರಿಡೀ ಕೋಣೆಗಳ ದರ ಏರುತ್ತದೆ.

ಒಂದು ರಾತ್ರಿ ಊರಿನ ನಕ್ಷೆ ಮುಚ್ಚಿ ಮೆಟ್ರೊ ನಕ್ಷೆ ತೆರೆದೆ. ನಾಲ್ಕು ಬಣ್ಣದ ಮಾರ್ಗಗಳು. ಕೆಂಪು ಮಾರ್ಗ ವಿಮಾನ ನಿಲ್ದಾಣದಿಂದ ಹೊರಟು ಅಲಮೇಡದಲ್ಲಿ ಹಸಿರನ್ನು, ಸಲ್ದಾನ್ಯದಲ್ಲಿ ಹಳದಿಯನ್ನು, ಸಾವ್ ಸೆಬಾಸ್ಟಿಯಾವ್‌ನಲ್ಲಿ ನೀಲಿಯನ್ನು ಸೇರುತ್ತದೆ. ಎರಡು ಮಾರ್ಗ ಕೂಡುವ ಕಡೆ ಮನೆ ಮಾಡಿದರೆ ಅರ್ಧ ಊರು ಒಂದೇ ರೈಲಿನಲ್ಲಿ ಸಿಗುತ್ತದೆ. ಸಲ್ದಾನ್ಯದ ಸುತ್ತ ಇರುವ ಭಾಗ ಅವೆನಿದಾಸ್ ನೋವಾಸ್. ರೆಸಾನು ಗಾರ್ಸಿಯ ಅನ್ನುವ ಎಂಜಿನಿಯರ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ನಗರವನ್ನು ಉತ್ತರಕ್ಕೆ ಬೆಳೆಸಿದಾಗ ಹಾಕಿದ ನೇರ ರಸ್ತೆಗಳು. ಈ ಜಾಗ ತಗ್ಗಿನಲ್ಲಿಲ್ಲ, ಎತ್ತರದಲ್ಲೇ ಇದೆ. ಆದರೆ ಮೇಲೆ ಹೋದ ಮೇಲೆ ಚಪ್ಪಟೆ. ಹತ್ತುವ ಇಳಿಯುವ ಕೆಲಸವನ್ನು ರೈಲು ಮಾಡಿಕೊಡುತ್ತದೆ. ಅಷ್ಟು ದಿನ ನಾನು ತಗ್ಗಿನ ಜಾಗವನ್ನೇ ಹುಡುಕುತ್ತಿದ್ದೆ. ಅಮ್ಮನಿಗೆ ಬೇಕಾಗಿದ್ದದ್ದು ತಗ್ಗಲ್ಲ, ಸಮ.

ಸ್ಟ್ರೀಟ್ ವ್ಯೂನಲ್ಲಿ ಮತ್ತೆ ನಡೆದೆ. ಡುಕ್ ದೆ ಅವಿಲ ರಸ್ತೆಯಲ್ಲಿ ಕಾರಿನ ದಾರಿಗಿಂತ ಕಾಲುದಾರಿಗೇ ಜಾಸ್ತಿ ಜಾಗ. ಮರಗಳು, ಬೆಂಚುಗಳು, ಕಾಫಿ ಅಂಗಡಿಗಳು. ನಡೆದು ಹೋಗುವಷ್ಟು ದೂರದಲ್ಲಿ ಗುಲ್ಬೆಂಕಿಯನ್ ಕಲಾ ಸಂಸ್ಥೆಯ ತೋಟ. ಕಟ್ಟಡಗಳು ಹೆಚ್ಚಿನವು ಕಳೆದ ಶತಮಾನದವು, ಹಾಗಾಗಿ ಲಿಫ್ಟ್ ಇರುತ್ತದೆ. ಬೈಶಾದ ಬಾಡಿಗೆಗಿಂತ ಕಮ್ಮಿಗೆ ಎರಡು ಮಲಗುವ ಕೋಣೆ, ಅಡುಗೆಮನೆ ಇರುವ ಮನೆ ಸಿಕ್ಕಿತು. ನಮ್ಮನೆಯವರು ಫೋಟೊ ನೋಡಿ "ಇದು ಜಯನಗರದ ಹಾಗಿದೆ, ಇದಕ್ಕೆ ಲಿಸ್ಬನ್ ತನಕ ಹೋಗಬೇಕಾ?" ಅಂದರು. ಅವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಈ ಬಡಾವಣೆಯ ಫೋಟೊ ಯಾರೂ ಹಂಚಿಕೊಳ್ಳುವುದಿಲ್ಲ.

ಬುಕ್ ಮಾಡುವ ಮುಂಚೆ ವಿಮರ್ಶೆಗಳನ್ನು ಕೂತು ಓದಿದೆ. ನನ್ನ ರೂಢಿ ಏನೆಂದರೆ, ಐದು ನಕ್ಷತ್ರ ಕೊಟ್ಟವರನ್ನು ಬಿಟ್ಟು ಮೂರು ನಕ್ಷತ್ರ ಕೊಟ್ಟವರನ್ನು ಓದುವುದು. ಪೂರ್ತಿ ಮೆಚ್ಚಿದವರೂ ಪೂರ್ತಿ ಸಿಟ್ಟಾದವರೂ ಮನೆ ಬಗ್ಗೆ ಕಮ್ಮಿ ಹೇಳುತ್ತಾರೆ. ನಡುವಿನವರು ಬಾತ್‌ರೂಮಿನ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ ಅನ್ನುವುದನ್ನೂ ಬರೆದಿರುತ್ತಾರೆ. ನಾವು ಹೋಗುವ ತಿಂಗಳಿನ ವಿಮರ್ಶೆಗಳನ್ನೇ ಹುಡುಕಿ ಓದಬೇಕು. ಜುಲೈನಲ್ಲಿ ಬಂದವರಿಗೆ ಮನೆ ಥಂಡಿ ಅನ್ನುವುದು ಗೊತ್ತಾಗುವುದಿಲ್ಲ. ಲಿಸ್ಬನ್ ಮನೆಗಳಲ್ಲಿ ಬಿಸಿ ಮಾಡುವ ವ್ಯವಸ್ಥೆ ಕಮ್ಮಿ. ಹೊರಗೆ ಹದಿನೈದು ಡಿಗ್ರಿ ಹಿತವಾಗಿರುತ್ತದೆ, ಒಳಗೆ ಅದೇ ಹದಿನೈದರಲ್ಲಿ ಗೋಡೆ ತೇವ, ಹಾಸಿಗೆ ತಣ್ಣಗೆ. ಹೀಟರ್ ಎಷ್ಟಿದೆ, ಅಮ್ಮನ ಕೋಣೆಯಲ್ಲಿ ಒಂದಿದೆಯಾ ಅಂತ ಕೇಳಿಯೇ ಮುಂದುವರಿದೆ.

ವಿಮರ್ಶೆಗಳಲ್ಲೇ ಗೊತ್ತಾದ ಇನ್ನೊಂದು ಸಂಗತಿ ವಿಮಾನದ ಸದ್ದು. ಲಿಸ್ಬನ್ ವಿಮಾನ ನಿಲ್ದಾಣ ಊರೊಳಗೇ ಇದೆ. ಇಳಿಯುವ ವಿಮಾನಗಳು ಈ ಭಾಗದ ಮನೆಗಳ ಮೇಲೆಯೇ ತಗ್ಗಿನಲ್ಲಿ ಹಾದುಹೋಗುತ್ತವೆ. ಎರಡು ಪದರ ಗಾಜಿನ ಕಿಟಕಿ ಇದೆಯಾ ಅನ್ನುವುದು ನನ್ನ ಪ್ರಶ್ನೆಗಳ ಪಟ್ಟಿಗೆ ಸೇರಿತು. ಇತ್ತು.

ಮನೆಯೊಳಗಿನ ವಿಷಯದಲ್ಲಿ ನಾನು ಸ್ವಲ್ಪ ಕಿರಿಕಿರಿಯ ಗಿರಾಕಿಯೇ. ಮೊದಲು ಬಚ್ಚಲು. ಯುರೋಪಿನ ಬಹಳ ಮನೆಗಳಲ್ಲಿ ಸ್ನಾನಕ್ಕೆ ಟಬ್ಬು. ಫೋಟೊದಲ್ಲಿ ಶವರ್ ಪರದೆ ಮಾತ್ರ ಕಾಣುತ್ತದೆ, ಅದರ ಹಿಂದಿನ ಟಬ್ಬಿನ ಅಂಚು ಕಾಣುವುದಿಲ್ಲ. ಮಂಡಿ ನೋವಿರುವವರು ಆ ಅಂಚು ದಾಟಿ ಒದ್ದೆ ನೆಲಕ್ಕೆ ಕಾಲಿಡುವುದು ಬೆಟ್ಟ ಹತ್ತುವುದಕ್ಕಿಂತ ಅಪಾಯ. ನೆಲಮಟ್ಟದ ಶವರ್ ಇರುವ ಮನೆ ಅಂತ ಪಟ್ಟು ಹಿಡಿದೆ. ಪೋರ್ಚುಗಲ್ ಬಗ್ಗೆ ಒಂದು ಸಂತೋಷದ ಸುದ್ದಿ ಅಂದರೆ ಅಲ್ಲಿನ ಎಷ್ಟೋ ಬಚ್ಚಲುಗಳಲ್ಲಿ ಬಿಡೆ, ಅಂದರೆ ಕೂತು ನೀರಿನಲ್ಲಿ ತೊಳೆದುಕೊಳ್ಳುವ ತೊಟ್ಟಿ, ಇರುತ್ತದೆ. ಬರೀ ಕಾಗದದ ಊರುಗಳಲ್ಲಿ ಓಡಾಡಿದವರಿಗೆ ಇದರ ಬೆಲೆ ಗೊತ್ತು. ಆದರೂ ಅಮ್ಮ ತಮ್ಮ ಪ್ಲಾಸ್ಟಿಕ್ ಚೊಂಬು ತಂದೇ ತಂದರು.

ಆಮೇಲೆ ಒಲೆ. ಗ್ಯಾಸೋ, ಬಿಸಿ ತಟ್ಟೆಯೋ, ಇಂಡಕ್ಷನ್ನೋ? ನಮ್ಮ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಮೇಲೆ ಬಿಸಿಯಾಗುವುದೇ ಇಲ್ಲ. ಇಂಡಕ್ಷನ್ ಅಂತ ಉತ್ತರ ಬಂತು. ಅದಕ್ಕೆ ಹೊಂದುವ ಎರಡು ಲೀಟರ್ ಸ್ಟೀಲ್ ಕುಕ್ಕರ್ ಪೆಟ್ಟಿಗೆ ಸೇರಿತು. ಒಗ್ಗರಣೆಗೆ ಅಲಾರಂ ಹೊಡೆದುಕೊಳ್ಳುತ್ತದಾ ಅಂತ ಕೇಳಲು ನಾಚಿಕೆಯಾಗಿ ಕೇಳಲಿಲ್ಲ. ಅಲ್ಲಿ ಹೋಗಿ ಕಿಟಕಿ ತೆಗೆದೇ ಸಾಸಿವೆ ಸಿಡಿಸಿದೆವು.

ಲಿಫ್ಟ್ ಎಷ್ಟು ಅಗಲ ಅಂತಲೂ ಕೇಳಿದ್ದೆ. ಇಬ್ಬರು ಒತ್ತಿಕೊಂಡು ನಿಲ್ಲುವಷ್ಟು, ಒಂದು ಪೆಟ್ಟಿಗೆ ಇದ್ದರೆ ಒಬ್ಬರು. ಅಷ್ಟು ಸಾಕು.

ದುಡ್ಡಿನ ಲೆಕ್ಕದಲ್ಲಿ ಮೊದಲ ಪುಟದ ದರ ಬೇರೆ, ಕೊನೆಗೆ ಕೊಡುವುದು ಬೇರೆ. ಸ್ವಚ್ಛತಾ ಶುಲ್ಕ ಒಂದು ರಾತ್ರಿಗಾದರೂ ಅಷ್ಟೇ, ಆರು ರಾತ್ರಿಗಾದರೂ ಅಷ್ಟೇ. ಎರಡೇ ರಾತ್ರಿ ಉಳಿಯುವವರಿಗೆ ಹೋಟೆಲ್ಲೇ ಅಗ್ಗವಾಗುವುದು ಇದರಿಂದಲೇ. ಇದರ ಮೇಲೆ ನಗರದ ಪ್ರವಾಸಿ ತೆರಿಗೆ. ಲಿಸ್ಬನ್‌ನಲ್ಲಿ 2024ರ ಸೆಪ್ಟೆಂಬರ್‌ನಿಂದ ತಲೆಗೆ ರಾತ್ರಿಗೆ 4 ಯೂರೊ, ಹೆಚ್ಚೆಂದರೆ ಏಳು ರಾತ್ರಿಗೆ, ಹದಿಮೂರು ವರ್ಷದೊಳಗಿನ ಮಕ್ಕಳಿಗೆ ಇಲ್ಲ. ನಾಲ್ಕು ಜನಕ್ಕೆ ರಾತ್ರಿಗೆ 16 ಯೂರೊ. ಬಾಡಿಗೆಯಲ್ಲೇ ಸೇರಿದೆಯೋ, ಅಲ್ಲಿ ಹೋಗಿ ಕೊಡಬೇಕೋ ಅಂತ ಬುಕ್ ಮಾಡುವಾಗಲೇ ನೋಡಿಕೊಳ್ಳಿ.

ಪರವಾನಗಿಯನ್ನೂ ನೋಡಿದೆ. ಪೋರ್ಚುಗಲ್‌ನಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಮನೆಗೆ ನೋಂದಣಿ ಸಂಖ್ಯೆ ಇರಬೇಕು, ಜಾಹೀರಾತಿನಲ್ಲಿ ಅದು ಎ.ಎಲ್. ಅನ್ನುವ ಅಕ್ಷರಗಳ ಜೊತೆ ಇರುತ್ತದೆ. ಸಂಖ್ಯೆ ಇಲ್ಲದ ಮನೆಯ ದಾಖಲೆ ಹಿಡಿದು ವೀಸಾ ಕಚೇರಿಗೆ ಹೋಗುವುದು ನನಗೆ ಬೇಡವಾಗಿತ್ತು. ಇದನ್ನು ಓದುವಾಗಲೇ ತಿಳಿದದ್ದು, 2018ರಲ್ಲಿ ಬಂದ ಕಾನೂನು ಬಳಸಿ ನಗರಸಭೆ ಅಲ್ಫಾಮ, ಮೊರಾರಿಯ, ಬೈರು ಆಲ್ತುವಿನಂಥ ಕಡೆ ಹೊಸ ಪರವಾನಗಿ ನಿಲ್ಲಿಸಿತ್ತು ಅಂತ. ಅಲ್ಲಿ ಮನೆಗಳೆಲ್ಲ ಪ್ರವಾಸಿಗರ ಪಾಲಾಗಿ, ಊರವರೇ ಬಾಡಿಗೆ ತೆರಲಾಗದೆ ಹೊರಗೆ ಹೋಗುತ್ತಿದ್ದರು. ಮಗಳಿಗೆ ತೋರಿಸಿದೆ. "ಹಾಗಂತ ನಾವು ಹೋಗದೇ ಇದ್ದರೆ ಅವರು ವಾಪಸ್ ಬರ್ತಾರಾ?" ಅಂದಳು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಹೋಗಿ ಉಳಿದ ಮೇಲೆ ಲೆಕ್ಕ ಬಹುಮಟ್ಟಿಗೆ ಸರಿಹೋಯಿತು. ವಿಮಾನ ನಿಲ್ದಾಣದಿಂದ ಸಲ್ದಾನ್ಯಕ್ಕೆ ರೈಲು ಬದಲಿಸುವ ಗೋಜಿಲ್ಲ. ಆದರೆ ಎಲ್ಲ ಮೆಟ್ರೊ ಸ್ಟೇಷನ್‌ಗಳಲ್ಲೂ ಲಿಫ್ಟ್ ಇಲ್ಲ, ಇರುವ ಕಡೆಯೂ ಆಗಾಗ ಕೆಟ್ಟಿರುತ್ತದೆ. ಹೊರಡುವ ಮುಂಚೆ ನೋಡಿಕೊಳ್ಳುತ್ತಿದ್ದೆವು, ಅನುಮಾನ ಇದ್ದರೆ ಆ್ಯಪ್‌ನಲ್ಲಿ ಕಾರು ಕರೆಯುತ್ತಿದ್ದೆವು. ಬೈಶಾ-ಶಿಯಾದು ಸ್ಟೇಷನ್ ಒಂದು ಅನುಕೂಲದ ಜಾಗ. ಒಂದು ಬಾಗಿಲು ಕೆಳಗಿನ ಪೇಟೆಗೆ, ಇನ್ನೊಂದು ಬಾಗಿಲು ಮೇಲಿನ ಶಿಯಾದುಗೆ. ಒಳಗಿನ ಉದ್ದುದ್ದ ಎಸ್ಕಲೇಟರ್ ಏರಿದರೆ ಗುಡ್ಡದ ಮೇಲಿರುತ್ತೀರಿ.

ಕೋಟೆಗೆ ಅಮ್ಮನನ್ನು ಕರೆದುಕೊಂಡು ಹೋದದ್ದೂ ಲಿಫ್ಟ್‌ನಲ್ಲೇ. ಬೈಶಾದ ಫಂಕೈರುಸ್ ಬೀದಿಯ ಒಂದು ಕಟ್ಟಡದೊಳಗೆ ನಗರಸಭೆಯ ಉಚಿತ ಲಿಫ್ಟ್ ಇದೆ. ಅದು ಬಿಡುವ ಜಾಗದಿಂದ ನಾಲ್ಕು ಹೆಜ್ಜೆ ನಡೆದರೆ ಪಿಂಗು ಡೋಸ್ ಸೂಪರ್ ಮಾರ್ಕೆಟ್ ಇರುವ ಕಟ್ಟಡ, ಅಲ್ಲಿ ಎರಡನೇ ಲಿಫ್ಟ್. ಆಮೇಲೂ ಸ್ವಲ್ಪ ಏರು ಉಳಿಯುತ್ತದೆ, ನಿಂತು ನಿಂತು ಹತ್ತಿದರು. ಅಲ್ಫಾಮಕ್ಕೆ ಪೋರ್ತಾಸ್ ದು ಸೋಲ್ ಅನ್ನುವ ಕಟ್ಟೆಯವರೆಗೆ ಕಾರಿನಲ್ಲಿ ಹೋದೆವು. ನಾನು, ಅಮ್ಮ ಅಲ್ಲೇ ಕೂತು ನದಿ ನೋಡಿದೆವು. ಅಪ್ಪ-ಮಗಳು ಸಂದಿಗಳಲ್ಲಿ ಇಳಿದು ಹೋದರು. ಬೇಕಾದಷ್ಟು ಸುತ್ತಿ ಬಂದ ಮೇಲೂ ಮಗಳದ್ದು ಒಂದೇ ಮಾತು: ಉಳಿಯುವುದಾದರೆ ಇಲ್ಲೇ ಉಳಿಯಬೇಕಿತ್ತು.

ಅಡುಗೆ ಸಾಮಾನಿಗೆ ಹಸಿರು ಮಾರ್ಗದಲ್ಲಿ ಮಾರ್ತಿಂ ಮೊನೀಜ್‌ಗೆ ಹೋದೆವು. ಚೌಕದ ಪಕ್ಕದ ಹಳೇ ಶಾಪಿಂಗ್ ಕೇಂದ್ರದಲ್ಲಿ ಭಾರತ, ಬಾಂಗ್ಲಾದೇಶ, ಚೀನಾದ ಅಂಗಡಿಗಳು ಮಹಡಿ ಮಹಡಿಯಲ್ಲಿವೆ. ತೊಗರಿಬೇಳೆ, ಇಂಗು, ಹಸಿಮೆಣಸಿನಕಾಯಿ ಸಿಕ್ಕಿತು. ಅಕ್ಕಿಗೆ ಅಲ್ಲಿಗೆ ಹೋಗಬೇಕಾಗಿಲ್ಲ. ಪೋರ್ಚುಗೀಸರು ಅನ್ನ ಚೆನ್ನಾಗಿ ತಿನ್ನುವ ಜನ, ಕರೋಲಿನು ಅನ್ನುವ ದಪ್ಪ ಅಕ್ಕಿ ಯಾವ ಅಂಗಡಿಯಲ್ಲೂ ಇರುತ್ತದೆ. ಅದರಲ್ಲಿ ಮೊಸರನ್ನ ಬಹಳ ಚೆನ್ನಾಗಿ ಆಯಿತು. ಪ್ರಸಿದ್ಧವಾದ ಪಾಸ್ತೆಲ್ ದ ನಾತದಲ್ಲಿ ಮೊಟ್ಟೆ ಇರುವುದರಿಂದ ಅಮ್ಮನಿಗೆ ಅದು ಸಿಗಲಿಲ್ಲ. ಉದ್ದ ಗಾಜಿನ ಲೋಟದಲ್ಲಿ ಕೊಡುವ ಹಾಲು ಕಾಫಿ, ಗಲಾವ್, ಮಾತ್ರ ದಿನಾ ಬೇಕಿತ್ತು. ಸಂಜೆ ಡುಕ್ ದೆ ಅವಿಲದಲ್ಲಿ ತಾವೊಬ್ಬರೇ ಒಂದು ಸುತ್ತು ಹೋಗಿ ಬರುತ್ತಿದ್ದರು. ಬೇರೆ ಎಲ್ಲಿ ಉಳಿದಿದ್ದರೂ ಅವರನ್ನು ಒಬ್ಬರೇ ಕಳಿಸಲು ನನಗೆ ಧೈರ್ಯ ಬರುತ್ತಿರಲಿಲ್ಲ.

ಕೊರತೆ ಇರಲಿಲ್ಲ ಅಂತಲ್ಲ. ಭಾನುವಾರ ಆ ಬಡಾವಣೆ ಮಂಕು, ಕಚೇರಿಯವರನ್ನು ನಂಬಿದ ಊಟದ ಮನೆಗಳು ಮುಚ್ಚಿರುತ್ತವೆ. ಬೆಳಿಗ್ಗೆ ಬೇಗನೆ ವಿಮಾನಗಳು ಶುರು. ನದಿ ಕಾಣಲಿಲ್ಲ ಅಂತ ನಮ್ಮನೆಯವರು ಕೊನೆಯ ದಿನದವರೆಗೂ ಹೇಳಿದರು. ಮೆಟ್ರೊ ರಾತ್ರಿ ಒಂದಕ್ಕೆ ನಿಲ್ಲುತ್ತದೆ, ಫಾದು ಸಂಗೀತ ಕೇಳಿ ತಡವಾದ ದಿನ ಕಾರಿಗೆ ಕಾಯಬೇಕಾಯಿತು. ಒಂದು ಲಾಭ ಮಾತ್ರ ಮೊದಲು ಗಮನಕ್ಕೇ ಬಂದಿರಲಿಲ್ಲ: ಅರಮನೆಗಳ ಊರು ಸಿಂತ್ರಾಗೆ ರೈಲು ಹಿಡಿಯಲು ಎಲ್ಲರೂ ಪೇಟೆ ನಡುವಿನ ರೊಸಿಯು ಸ್ಟೇಷನ್‌ಗೆ ಹೋಗುತ್ತಾರೆ. ನಮಗೆ ಹತ್ತಿರದ ಎಂತ್ರೆಕಾಂಪುಸ್‌ನಲ್ಲೂ ಆ ಕಡೆಯ ರೈಲು ನಿಲ್ಲುತ್ತದೆ, ನೂಕುನುಗ್ಗಲು ಕಮ್ಮಿ.

ಮಂಡಿ ಗಟ್ಟಿ ಇರುವವರು, ಇಬ್ಬರೇ ಹೋಗುವವರು ನಮ್ಮ ದಾರಿ ಹಿಡಿಯಬೇಕಾಗಿಲ್ಲ. ಗ್ರಾಸ ಗುಡ್ಡದ ಮೇಲೆ ಮನೆ ಮಾಡಿ, ಊರು ಪೂರ್ತಿ ಕೆಳಗೆ ಕಾಣುತ್ತದೆ. ಆದರೆ ಏರಿಗೆ ಟ್ರಾಮೋ ಫನಿಕ್ಯುಲರೋ (ಇಳಿಜಾರಿನಲ್ಲಿ ಹಗ್ಗ ಎಳೆಯುವ ಹಳಿಬಂಡಿ) ಇದೆಯಲ್ಲ ಅಂತ ಅದನ್ನೇ ನಂಬಿ ಮನೆ ಹಿಡಿಯಬೇಡಿ. 2025ರ ಸೆಪ್ಟೆಂಬರ್‌ನಲ್ಲಿ ಗ್ಲೋರಿಯಾ ಫನಿಕ್ಯುಲರ್ ಹಳಿ ತಪ್ಪಿ 16 ಜನ ಸತ್ತರು. ಆಮೇಲೆ ಉಳಿದ ಫನಿಕ್ಯುಲರ್‌ಗಳನ್ನೂ ತಪಾಸಣೆಗೆ ನಿಲ್ಲಿಸಿದರು. 28ನೇ ನಂಬರಿನ ಟ್ರಾಮ್ ಗ್ರಾಸಕ್ಕೆ ಹೋಗುತ್ತದೆ ನಿಜ, ಹಗಲಲ್ಲಿ ಅದರೊಳಗೆ ಪ್ರವಾಸಿಗರೂ ಜೇಬುಗಳ್ಳರೂ ತುಂಬಿರುತ್ತಾರೆ, ನಡುವಿನ ನಿಲ್ದಾಣದಲ್ಲಿ ಹತ್ತಲು ಜಾಗ ಸಿಗುವುದು ಕಷ್ಟ. ಹತ್ತಲೇಬೇಕು ಅಂತಿದ್ದರೆ ಬೆಳಿಗ್ಗೆ ಬೇಗ ಎದ್ದು, ಅದು ಹೊರಡುವ ಮಾರ್ತಿಂ ಮೊನೀಜ್‌ನಲ್ಲೇ ಹತ್ತಿ.